ವಂಶವೃಕ್ಷದಲ್ಲಿ ಬಿಟ್ಟುಹೋದ ಕೊಂಬೆ: ಪಠ್ಯ, ನಿಘಂಟು, ವಿಶ್ವಕೋಶಗಳ ಸಂಪಾದಕರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಸಂಪಾದಕರೇ, ಅನುವಾದಕರೇ, ಪಠ್ಯ ಸಿದ್ಧಪಡಿಸುವ ಅಧ್ಯಾಪಕರೇ,

ಭಾಷಾ ಕುಟುಂಬಗಳ ಪಾಠ ಬಂದಾಗ ಕನ್ನಡ ಪುಸ್ತಕಗಳಲ್ಲಿ ಸಾಮಾನ್ಯವಾಗಿ ಒಂದು ಚಿತ್ರ ಇರುತ್ತದೆ. ಮೇಲೆ ಇಂಡೋ-ಯುರೋಪಿಯನ್, ಅಲ್ಲಿಂದ ಒಂದು ಗೆರೆ ಇಳಿದು ಸಂಸ್ಕೃತ, ಸಂಸ್ಕೃತದಿಂದ ಪ್ರಾಕೃತ, ಪ್ರಾಕೃತದಿಂದ ಹಿಂದಿ, ಮರಾಠಿ, ಬಂಗಾಳಿ. ಪಕ್ಕದಲ್ಲಿ ದ್ರಾವಿಡದ ಮರ. ದ್ರಾವಿಡದ ಮರವನ್ನು ನಮ್ಮವರು ಜೋಪಾನವಾಗಿ ಬರೆಯುತ್ತಾರೆ: ದಕ್ಷಿಣ, ಮಧ್ಯ, ಉತ್ತರ ಎಂದು ಕೊಂಬೆ ಬಿಡಿಸಿ, ಬಲೂಚಿಸ್ತಾನದ ಬ್ರಾಹುಯಿಯನ್ನೂ ಮರೆಯದೆ ಸೇರಿಸುತ್ತಾರೆ. ಆಚೆಯ ಮರಕ್ಕೆ ಆ ಜೋಪಾನ ಇಲ್ಲ. ಇಂಡೋ-ಯುರೋಪಿಯನ್‌ಗೂ ಸಂಸ್ಕೃತಕ್ಕೂ ನಡುವೆ ಇರಬೇಕಾದ ಒಂದು ಹಂತ, ಅಂದರೆ ಇಂಡೋ-ಇರಾನಿಯನ್ ಶಾಖೆ, ಅಲ್ಲಿ ಇರುವುದೇ ಇಲ್ಲ. ಇದ್ದರೂ ಅದರ ಹೆಸರು ‘ಆರ್ಯ’ ಎಂದಾಗಿರುತ್ತದೆ. ಅದೇ ಪುಸ್ತಕದ ಇನ್ನೊಂದು ಪುಟದಲ್ಲಿ ‘ಆರ್ಯ’ ಎಂದರೆ ಬೇರೆಯೇ ಅರ್ಥ.

ಒಂದು ಗೆರೆ ಬಿಟ್ಟುಹೋದರೆ ಏನಾಯಿತು ಎನ್ನಬಹುದು. ಆ ಗೆರೆ ಇಲ್ಲದ್ದರಿಂದಲೇ ಪಾರಸಿಯನ್ನು ಸಂಸ್ಕೃತದ ಮಗಳೆಂದು ಬರೆಯುವುದು, ಉರ್ದುವನ್ನು ಇರಾನಿನ ಭಾಷೆ ಎನ್ನುವುದು, ಕಾಶ್ಮೀರಿಯನ್ನು ಎಲ್ಲೆಲ್ಲೋ ಇಡುವುದು, ಲಂಬಾಣಿಗೆ ಕುಟುಂಬವೇ ಇಲ್ಲವೆಂಬಂತೆ ಬರೆಯುವುದು ನಡೆದಿದೆ. ಮರುಮುದ್ರಣದ ಮುನ್ನ ತಿದ್ದಬಹುದಾದ ತಪ್ಪುಗಳು ಇವು. ಯಾವುದನ್ನು, ಹೇಗೆ ತಿದ್ದಬೇಕು ಎಂಬುದನ್ನು ತಿಳಿಸಲು ಈ ಪತ್ರ.

ಮೊದಲು ಮರ. ಇಂಡೋ-ಯುರೋಪಿಯನ್ ಎಂಬುದು ಕುಟುಂಬ. ಗ್ರೀಕ್, ಇಟಾಲಿಕ್, ಜರ್ಮ್ಯಾನಿಕ್, ಸ್ಲಾವಿಕ್‌ಗಳಂತೆ ಅದರ ಒಂದು ಶಾಖೆ ಇಂಡೋ-ಇರಾನಿಯನ್. ಈ ಶಾಖೆಗೆ ಇಂದು ಮೂರು ಉಪಶಾಖೆ ಹೇಳುವುದು ರೂಢಿ: ಇಂಡೋ-ಆರ್ಯನ್, ಇರಾನಿಯನ್, ನೂರಿಸ್ತಾನಿ. ವೇದದ ಭಾಷೆ, ಸಂಸ್ಕೃತ, ಪಾಲಿ, ಪ್ರಾಕೃತಗಳು, ಹಿಂದಿ-ಉರ್ದು, ಮರಾಠಿ, ಕೊಂಕಣಿ, ನೇಪಾಳಿ, ಸಿಂಹಳ, ಮಾಲ್ಡೀವ್ಸಿನ ದಿವೇಹಿ, ಯುರೋಪಿನ ರೋಮಾನಿ ಇವೆಲ್ಲ ಮೊದಲನೆಯದಕ್ಕೆ ಸೇರಿದವು. ಪಾರ್ಸಿ ಸಮುದಾಯದ ಧರ್ಮಗ್ರಂಥವಾದ ಅವೆಸ್ತದ ಭಾಷೆ, ಹಳೆಯ ಪಾರಸಿ, ಪಹ್ಲವಿ ಅಂದರೆ ಮಧ್ಯಕಾಲದ ಪಾರಸಿ, ಸೊಗ್ದಿಯನ್, ಇಂದಿನ ಪಾರಸಿ, ಪಷ್ತೊ, ಕುರ್ದಿಷ್, ಬಲೂಚಿ, ಕಾಕಸಸ್ ಬೆಟ್ಟಗಳ ಒಸ್ಸೆಟಿಕ್ ಎರಡನೆಯದಕ್ಕೆ. ಮೂರನೆಯದರಲ್ಲಿ ಅಫ್ಘಾನಿಸ್ತಾನದ ಈಶಾನ್ಯ ಕಣಿವೆಗಳ ಕೆಲವೇ ಸಣ್ಣ ಭಾಷೆಗಳಿವೆ.

ಇನ್ನು ‘ಆರ್ಯ’ ಪದ. ಇದಕ್ಕೆ ಕನ್ನಡದಲ್ಲಿ ಕನಿಷ್ಠ ನಾಲ್ಕು ಕೆಲಸ ಹಚ್ಚಿದ್ದೇವೆ. ಇಡೀ ಇಂಡೋ-ಯುರೋಪಿಯನ್ ಕುಟುಂಬಕ್ಕೂ ಅದೇ, ಇಂಡೋ-ಇರಾನಿಯನ್ ಶಾಖೆಗೂ ಅದೇ, ಉತ್ತರ ಭಾರತದ ಭಾಷೆಗಳಿಗೂ ಅದೇ. ಇದು ಸಾಲದೆಂಬಂತೆ ಒಂದು ಜನಾಂಗಕ್ಕೂ ಅದೇ. ತಪ್ಪು ಕನ್ನಡದಲ್ಲಿ ಹುಟ್ಟಿದ್ದಲ್ಲ. ಹತ್ತೊಂಬತ್ತನೇ ಶತಮಾನದ ಇಂಗ್ಲಿಷ್, ಜರ್ಮನ್ ಪುಸ್ತಕಗಳಿಂದ ಅನುವಾದವಾಗಿ ಬಂದದ್ದು. ಅಲ್ಲಿ ಒಬ್ಬ ಲೇಖಕ ‘ಆರ್ಯನ್’ ಎಂದು ಇಡೀ ಕುಟುಂಬವನ್ನು ಕರೆದರೆ, ಜರ್ಮನ್ ವ್ಯಾಕರಣಕಾರರು ‘ಆರಿಶ್’ ಎಂದಾಗ ಇಂಡೋ-ಇರಾನಿಯನ್ ಶಾಖೆ ಮಾತ್ರ ಅವರ ಮನಸ್ಸಿನಲ್ಲಿ. ಭಾರತದ ಕುರಿತು ಬರೆದವರು ಅದೇ ಪದವನ್ನು ದ್ರಾವಿಡಕ್ಕೆ ಎದುರಾಗಿ ಬಳಸಿದರು. ಕನ್ನಡಕ್ಕೆ ಬರುವಾಗ ಮೂರೂ ಒಂದೇ ‘ಆರ್ಯ ಭಾಷೆ’ಯಾದವು.

ಹಳೆಯ ಪುಸ್ತಕ ಅನುವಾದಿಸುವವರು ಆ ಪದದ ನೆರೆಹೊರೆ ನೋಡಿದರೆ ಸಾಕು. ಗ್ರೀಕ್, ಲ್ಯಾಟಿನ್‌ಗಳನ್ನೂ ‘ಆರ್ಯನ್’ ಪಟ್ಟಿಯಲ್ಲಿ ಸೇರಿಸಿದ್ದರೆ ಅದು ಇಂಡೋ-ಯುರೋಪಿಯನ್. ಗ್ರೀಕಿಗೆ ಎದುರಾಗಿ ನಿಲ್ಲಿಸಿ, ಅವೆಸ್ತವನ್ನು ಒಳಗೆ ಸೇರಿಸಿಕೊಂಡಿದ್ದರೆ ಇಂಡೋ-ಇರಾನಿಯನ್. ತಮಿಳು, ತೆಲುಗುಗಳಿಗೆ ಎದುರಾಗಿ ಹಿಂದಿ, ಮರಾಠಿಗಳನ್ನು ಹೇಳಿದ್ದರೆ ಇಂಡೋ-ಆರ್ಯನ್. ತಲೆಬುರುಡೆಯ ಅಳತೆ, ಮೂಗಿನ ಉದ್ದ, ರಕ್ತ ಎಂಬ ಮಾತು ಬಂದಿದ್ದರೆ ಅದು ಭಾಷಾಶಾಸ್ತ್ರವೇ ಅಲ್ಲ. ‘ಆರ್ಯ’ ಪದವನ್ನು ಜನಪ್ರಿಯಗೊಳಿಸಿದವರಲ್ಲಿ ಮುಂಚೂಣಿಯಲ್ಲಿದ್ದ ಮ್ಯಾಕ್ಸ್ ಮುಲ್ಲರ್ ಅವರೇ 1888ರಲ್ಲಿ, ಆರ್ಯ ರಕ್ತ, ಆರ್ಯ ಕಣ್ಣು ಎಂದು ಮಾತಾಡುವುದು ಉದ್ದತಲೆಯ ನಿಘಂಟು, ಗಿಡ್ಡತಲೆಯ ವ್ಯಾಕರಣ ಎಂದಷ್ಟೇ ಅಸಂಬದ್ಧ ಎಂಬರ್ಥದ ಮಾತನ್ನು ಖಾರವಾಗಿ ಬರೆದಿದ್ದಾರೆ. ಕೇಳಬೇಕಾದವರು ಕೇಳಲಿಲ್ಲ. ಜರ್ಮನಿಯಲ್ಲಿ ಆ ಪದಕ್ಕೆ ಆಮೇಲೆ ಏನಾಯಿತೆಂಬುದು ಎಲ್ಲರಿಗೂ ಗೊತ್ತು. ಶಾಖೆಯ ಹೆಸರಾಗಿ ‘ಆರ್ಯನ್’ ಹಿಂದೆ ಸರಿದು ‘ಇಂಡೋ-ಇರಾನಿಯನ್’ ನೆಲೆಗೊಂಡದ್ದಕ್ಕೆ ಅದೂ ಒಂದು ಕಾರಣ.

ಹಾಗಾದರೆ ‘ಇಂಡೋ-ಆರ್ಯನ್’ನಲ್ಲಿ ‘ಆರ್ಯ’ ಏಕೆ ಉಳಿಯಿತು? ಈ ಶಾಖೆಯ ಎರಡೂ ಕಡೆಯ ಜನ ತಮ್ಮನ್ನು ಹಾಗೆ ಕರೆದುಕೊಂಡದ್ದಕ್ಕೆ ಬರಹದ ಸಾಕ್ಷಿ ಇದೆ. ಋಗ್ವೇದದಲ್ಲಿ ‘ಆರ್ಯ’, ಅವೆಸ್ತದಲ್ಲಿ ‘ಐರ್ಯ’. ಇರಾನಿನ ನಕ್ಷ್-ಎ-ರೊಸ್ತಮ್‌ನ ಬಂಡೆಯ ಮೇಲೆ ದಾರಯವುಷ್, ಅಂದರೆ ಕ್ರಿ.ಪೂ. 522ರಿಂದ 486ರವರೆಗೆ ಆಳಿದ ಡೇರಿಯಸ್, ತಾನು ಪಾರ್ಸ, ಪಾರ್ಸನ ಮಗ, ಅರಿಯ, ಅರಿಯ ವಂಶದವನು ಎಂದು ಕೆತ್ತಿಸಿದ್ದಾನೆ. ಇರಾನ್ ಎಂಬ ಹೆಸರೂ ಇದರಿಂದಲೇ ಬಂದದ್ದು. ‘ಆರ್ಯಾಣಾಂ’ ಎಂಬಂಥ ಷಷ್ಠೀ ಬಹುವಚನ ರೂಪ ಸವೆದು, ಇಸ್ಲಾಮಿಗೆ ಮುಂಚೆ ಇರಾನನ್ನಾಳಿದ ಸಾಸಾನಿಯರ ಕಾಲಕ್ಕೆ ‘ಏರಾನ್’ ಆಯಿತು. 1935ರಲ್ಲಿ ರೆಜಾ ಶಾ ಸರಕಾರ ಹೊರದೇಶಗಳಿಗೆ ‘ಪರ್ಷಿಯಾ ಬೇಡ, ಇರಾನ್ ಎನ್ನಿ’ ಎಂದದ್ದು ಹೊಸ ಹೆಸರಿಟ್ಟದ್ದಲ್ಲ, ಮನೆಯೊಳಗಿನ ಹೆಸರನ್ನು ಬಾಗಿಲಿಗೆ ಬರೆಸಿದ್ದು. ಗ್ರೀಕರು, ರೋಮನರು, ಜರ್ಮನರು ತಮ್ಮನ್ನು ಹೀಗೆ ಕರೆದುಕೊಂಡಿರಲಿಲ್ಲ. ಹಾಗಾಗಿ ಇಡೀ ಕುಟುಂಬಕ್ಕೆ ಆ ಹೆಸರು ಹೊಂದುವುದಿಲ್ಲ. ಒಂಟಿ ‘ಆರ್ಯ ಭಾಷೆ’ ಎಂಬುದನ್ನು ಬಿಟ್ಟು ಕುಟುಂಬಕ್ಕೆ ಇಂಡೋ-ಯುರೋಪಿಯನ್, ಶಾಖೆಗೆ ಇಂಡೋ-ಇರಾನಿಯನ್, ಭಾರತದ ಕಡೆಯ ಉಪಶಾಖೆಗೆ ಇಂಡೋ-ಆರ್ಯನ್ ಎಂದು ಪುಸ್ತಕದ ಆರಂಭದಿಂದ ಕೊನೆಯವರೆಗೂ ಒಂದೇ ತೆರನಾಗಿ ಬಳಸಿ. ‘ಭಾರತ-ಇರಾನೀ’ ಎಂದೋ ‘ಹಿಂದ್-ಇರಾನಿ’ ಎಂದೋ ಬರೆದರೂ ತಕರಾರಿಲ್ಲ. ಒಂದು ಅಧ್ಯಾಯದಲ್ಲಿ ಒಂದು, ಇನ್ನೊಂದರಲ್ಲಿ ಇನ್ನೊಂದು ಆಗಬಾರದು, ಅಷ್ಟೆ.

ಈಗ ಹೆಚ್ಚು ಹಾನಿ ಮಾಡಿರುವ ತಪ್ಪಿಗೆ ಬರೋಣ: ಅವೆಸ್ತದ ಭಾಷೆ ಸಂಸ್ಕೃತದಿಂದ ಹುಟ್ಟಿತು, ಅಥವಾ ಅದು ಸಂಸ್ಕೃತದ ಅಪಭ್ರಂಶ ಎನ್ನುವುದು. ಸಪ್ತ–ಹಪ್ತ, ಸೋಮ–ಹಓಮ, ಅಸುರ–ಅಹುರ, ಸಿಂಧು–ಹಿಂದು ಎಂಬ ಜೋಡಿಗಳನ್ನು ಕೊಟ್ಟು ‘ಇರಾನಿಯರಿಗೆ ಸ ಹೇಳಲು ಬರುತ್ತಿರಲಿಲ್ಲ’ ಎಂದು ಮುಗಿಸಿಬಿಡುತ್ತಾರೆ. ಅವರಿಗೆ ಸ ಚೆನ್ನಾಗಿಯೇ ಬರುತ್ತಿತ್ತು. ‘ಶತ’ಕ್ಕೆ ಅವರು ‘ಸತ’ ಎಂದರು, ‘ದಶ’ಕ್ಕೆ ‘ದಸ’ ಎಂದರು. ಹಳೆಯ ಸ ಸ್ವರದ ಮುಂದೆ ಹ ಆದದ್ದು ಒಂದು ಬದಲಾವಣೆ. ಬೇರೊಂದು ಮೂಲದಿಂದ ಹೊಸ ಸ ಬಂದು ಕೂತದ್ದು ಇನ್ನೊಂದು.

ಮಗಳಲ್ಲ, ಸೋದರಿ ಎಂದು ತೋರಿಸಲು ಒಂದೇ ಪದ ಸಾಕು. ಇರಾನಿನ ಹಳೆಯ ಪ್ರವಾದಿ ಜರತುಷ್ಟ್ರನ ದೇವರ ಹೆಸರು ಅಹುರ ಮಜ಼್ದಾ. ಈ ‘ಮಜ಼್ದಾ’ಕ್ಕೆ ಸಂಸ್ಕೃತದಲ್ಲಿ ಸರಿಹೊಂದುವ ಪದ ‘ಮೇಧಾ’, ನಮ್ಮ ಮೇಧಾವಿಯಲ್ಲಿರುವ ಮೇಧಾ. ಎರಡಕ್ಕೂ ಹಿಂದಿನ, ಹೋಲಿಕೆಯಿಂದ ಕಟ್ಟಿದ ರೂಪ *ಮಜ಼್ಧಾ. ಸಂಸ್ಕೃತ ಆ ಜ಼ (ಇಂಗ್ಲಿಷಿನ z) ಧ್ವನಿಯನ್ನು ಕಳೆದುಕೊಂಡಿತು. ಧಕಾರದ ಹಿಂದಿದ್ದ ‘ಅಜ಼್’ ಅಲ್ಲಿ ‘ಏ’ ಆಯಿತು, ಧ ಮಾತ್ರ ಹಾಗೇ ಉಳಿಯಿತು. ಅವೆಸ್ತ ಜ಼ ಉಳಿಸಿಕೊಂಡು ಧಕಾರದ ಮಹಾಪ್ರಾಣ ಕಳೆದುಕೊಂಡಿತು. ಸಂಸ್ಕೃತದ ‘ಮೇಧಾ’ದಿಂದ ‘ಮಜ಼್ದಾ’ ಹುಟ್ಟಿತೆನ್ನಬೇಕಾದರೆ ಏಕಾರದ ಹೊಟ್ಟೆಯೊಳಗಿಂದ ಇಲ್ಲದ ಜ಼ವನ್ನು ಎಳೆದು ತೆಗೆಯಬೇಕು, ಅದೂ ಸರಿಯಾಗಿ ಇರಬೇಕಾದ ಜಾಗದಲ್ಲೇ. ‘ದೇವ’ದ ಏಕಾರದಿಂದ ಅದು ಬರಲಿಲ್ಲ ಏಕೆ ಎಂದು ಕೇಳಿದರೆ ಉತ್ತರವಿಲ್ಲ: ಅಲ್ಲಿ ಹಳೆಯ ಪಾರಸಿಯಲ್ಲಿ ‘ದೈವ’ ಎಂದಿದೆ, ಏಕೆಂದರೆ ಆ ಏಕಾರ ಹುಟ್ಟಿದ್ದು ‘ಐ’ಯಿಂದ. ಸಂಸ್ಕೃತದಲ್ಲಿ ಎರಡು ಬೇರೆ ಮೂಲಗಳು ಒಂದೇ ಏ ಆಗಿ ಕೂಡಿಹೋದವು, ಇರಾನಿಯನ್‌ನಲ್ಲಿ ಬೇರೆಯಾಗಿಯೇ ನಿಂತವು. ಹಾಗೆಯೇ ಸಂಸ್ಕೃತದ ‘ಭ್ರಾತೃ’ವಿನ ಭಕಾರವನ್ನು ಅವೆಸ್ತದ ‘ಬ್ರಾತರ್’ನಿಂದ ಹುಟ್ಟಿಸಲಾಗದು. ಇಬ್ಬರೂ ಒಂದಷ್ಟು ಉಳಿಸಿದ್ದಾರೆ, ಒಂದಷ್ಟು ಕಳೆದಿದ್ದಾರೆ. ಆಸ್ತಿ ಹಂಚಿಕೊಂಡ ಅಕ್ಕತಂಗಿಯರ ಲೆಕ್ಕ ಇದು.

ದೇವ–ಅಸುರರ ಜಗಳದಿಂದ ಎರಡು ಗುಂಪು ಬೇರೆಯಾಯಿತು ಎಂಬ ಕಥೆಯನ್ನು ಕೆಲವರು ಇದೇ ಪಾಠದೊಳಗೆ ಸೇರಿಸುತ್ತಾರೆ. ಋಗ್ವೇದದ ಹಳೆಯ ಸೂಕ್ತಗಳಲ್ಲಿ ‘ಅಸುರ’ ಎಂಬುದು ವರುಣನಂಥವರಿಗೆ ಸಲ್ಲುವ ಗೌರವದ ಪದ. ಅರ್ಥ ತಿರುಗಿದ್ದು ಆಮೇಲೆ. ಆ ಕಥೆಯನ್ನು ಪಾಠದಿಂದ ಕೈಬಿಟ್ಟರೆ ಒಳ್ಳೆಯದು. ಯಾರು ಎಲ್ಲಿಂದ ಎಲ್ಲಿಗೆ ಬಂದರು ಎಂಬ ಚರ್ಚೆಯೂ ಬೇರೆ ಅಧ್ಯಾಯಕ್ಕೆ ಇರಲಿ. ಭಾಷೆಗಳ ನಂಟು ಧ್ವನಿ ನಿಯಮಗಳ ಮೇಲೆ ನಿಂತಿದೆ, ಆ ಚರ್ಚೆ ಯಾವ ಕಡೆ ವಾಲಿದರೂ ಇದು ಅಲುಗುವುದಿಲ್ಲ.

ಒಂದು ಭಾಷೆ ಇಂಡೋ-ಆರ್ಯನ್ನೋ ಇರಾನಿಯನ್ನೋ ಎಂದು ಪರೀಕ್ಷಿಸುವುದು ಹೇಗೆ? ಲಿಪಿ ನೋಡಬಾರದು. ಪಾರಸಿಯನ್ನು ಇರಾನಿನಲ್ಲಿ ಅರಬ್ಬೀ ಲಿಪಿಯಲ್ಲೂ ತಾಜಿಕಿಸ್ತಾನದಲ್ಲಿ ಸಿರಿಲಿಕ್‌ನಲ್ಲೂ ಬರೆಯುತ್ತಾರೆ, ಬ್ಯಾಕ್ಟ್ರಿಯನ್ ಎಂಬ ಹಳೆಯ ಇರಾನಿಯನ್ ಭಾಷೆ ಗ್ರೀಕ್ ಲಿಪಿಯಲ್ಲಿತ್ತು, ಕೊಂಕಣಿಗಂತೂ ದೇವನಾಗರಿ, ಕನ್ನಡ, ರೋಮನ್, ಮಲಯಾಳಂ ಎಲ್ಲ ಉಂಟು. ಶಬ್ದಭಂಡಾರವನ್ನೂ ನೆಚ್ಚಬಾರದು. ಸಂಸ್ಕೃತ ಪದಗಳು ತುಂಬಿದ್ದರೂ ಕನ್ನಡ ದ್ರಾವಿಡವಾಗಿಯೇ ಇದೆಯಲ್ಲ, ಹಾಗೆಯೇ ಪಾರಸಿ ಪದಗಳು ತುಂಬಿದ ಉರ್ದು ಇಂಡೋ-ಆರ್ಯನ್, ಅರಬ್ಬೀ ಪದಗಳು ತುಂಬಿದ ಪಾರಸಿ ಇರಾನಿಯನ್. ನೋಡಬೇಕಾದದ್ದು ಸರ್ವನಾಮ, ಸಂಖ್ಯೆ, ದೇಹದ ಅಂಗಗಳ ಹೆಸರು, ಕ್ರಿಯಾಪದದ ಪ್ರತ್ಯಯ, ಅವುಗಳಲ್ಲಿನ ಧ್ವನಿ.

ಧ್ವನಿಯಲ್ಲೂ ಒಂದೇ ಗುರುತು ಹಿಡಿದು ಹೊರಟರೆ ಎಡವುತ್ತೀರಿ. ಸಿಂಹಳವನ್ನೇ ತೆಗೆದುಕೊಳ್ಳಿ. ಏಳಕ್ಕೆ ‘ಹತ’ ಎನ್ನುತ್ತಾರೆ. ಸ ಹೋಗಿ ಹ ಬಂತು, ಇರಾನಿಯನ್ ಎನ್ನೋಣವೇ? ನೆಲಕ್ಕೆ ‘ಬಿಮ’ ಎನ್ನುತ್ತಾರೆ. ‘ಭೂಮಿ’ಯ ಭಕಾರದ ಮಹಾಪ್ರಾಣವೂ ಹೋಯಿತು, ಅವೆಸ್ತದ ‘ಬೂಮಿ’ಯ ಹಾಗೆಯೇ. ಎರಡು ಗುರುತು ಕೂಡಿತೆಂದು ಪೆನ್ನೆತ್ತುವ ಮುನ್ನ ಮೂರನೆಯದನ್ನು ನೋಡಿ. ಸಂಸ್ಕೃತದ ‘ಹಸ್ತ’ದ ಹಕಾರಕ್ಕೆ ಅವೆಸ್ತದಲ್ಲಿ ಜ಼ ಬರುತ್ತದೆ, ‘ಜ಼ಸ್ತ’. ಪಾರಸಿಯಲ್ಲಿ ದ ಬರುತ್ತದೆ, ‘ದಸ್ತ್’. ಸಿಂಹಳದಲ್ಲಿ ಕೈ ಎಂದರೆ ‘ಅತ’. ಜ಼ ಇಲ್ಲ, ದ ಇಲ್ಲ. ಪ್ರಾಕೃತದ ‘ಹತ್ಥ’ ಸವೆದು ಹಕಾರವೂ ಬಿದ್ದುಹೋದ ರೂಪ ಅದು. ಸಿಂಹಳದ ಸ–ಹ ಬದಲಾವಣೆ ಇರಾನಿಯನ್‌ನದ್ದಲ್ಲ, ಲಂಕೆಯಲ್ಲಿ ತಾನಾಗಿ ಆದದ್ದು. ಕನ್ನಡದಲ್ಲಿ ಪಾಲು ಹಾಲಾಗಲಿಲ್ಲವೇ, ಹಾಗೆ.

ಕಾಶ್ಮೀರಿಯಲ್ಲಿ ಇದಕ್ಕಿಂತ ಸೊಗಸಾದ ಬಲೆಯಿದೆ. ಅಲ್ಲಿ ನೂರಕ್ಕೆ ‘ಹಥ್’, ಏಳಕ್ಕೆ ‘ಸಥ್’. ಪಾರಸಿಯಲ್ಲಿ ನೂರಕ್ಕೆ ‘ಸದ್’, ಏಳಕ್ಕೆ ‘ಹಫ್ತ್’. ಕನ್ನಡಿಯಲ್ಲಿ ನೋಡಿದಂತೆ ತಿರುಗುಮುರುಗು. ಕಾಶ್ಮೀರಿಯಲ್ಲಿ ಹ ಆದದ್ದು ಶಕಾರ, ಸಕಾರ ಅಲ್ಲ. ‘ಹ ಇದೆ, ಆದ್ದರಿಂದ ಇರಾನಿಯನ್’ ಎನ್ನುವವರಿಗೆ ಈ ನಾಲ್ಕು ಪದಗಳನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟರೆ ಸಾಕು. ಪಷ್ತೊದಲ್ಲಿ ಟ, ಡ ಇವೆ, ಆದ್ದರಿಂದ ಅದು ಭಾರತದ ಕಡೆಯದು ಎಂಬ ವಾದವೂ ಇದೇ ಜಾತಿಯದು. ಆ ಮೂರ್ಧನ್ಯಗಳು ನೆರೆಹೊರೆಯ ಒಡನಾಟದಿಂದ ಬಂದವು, ಪಷ್ತೊ ಇರಾನಿಯನ್.

ನೂರಿಸ್ತಾನಿಯನ್ನು ಬೇರೆ ಉಪಶಾಖೆ ಎನ್ನುವುದಕ್ಕೂ ಕಾರಣ ಸಂಖ್ಯೆಗಳಲ್ಲೇ ಕಾಣುತ್ತದೆ. ಅಲ್ಲಿಯ ಕಾತಿ ಭಾಷೆಯಲ್ಲಿ ಏಳು ‘ಸುತ್’. ಸ ಉಳಿದಿದೆ, ಹಾಗಾಗಿ ಇರಾನಿಯನ್ ಅಲ್ಲ. ಹತ್ತಕ್ಕೆ ‘ದುತ್ಸ್’. ಸಂಸ್ಕೃತದ ‘ದಶ’ದಲ್ಲಿ ಶ, ಅವೆಸ್ತದ ‘ದಸ’ದಲ್ಲಿ ಸ, ಇವೆರಡಕ್ಕೂ ಹಿಂದೆ ಇದ್ದ ಸ್ಪರ್ಶ-ಘರ್ಷ ಧ್ವನಿಯ ಗುರುತು ಆ ಬೆಟ್ಟದ ಭಾಷೆಯ ‘ತ್ಸ್’ನಲ್ಲಿ ಇನ್ನೂ ಉಳಿದಿದೆ. ಹಳೆಯ ಪುಸ್ತಕಗಳಲ್ಲಿ ಇವನ್ನು ‘ಕಾಫಿರಿ ಭಾಷೆಗಳು’ ಎಂದಿದ್ದಾರೆ. 1896ರ ಸುಮಾರಿಗೆ ಕಾಬೂಲಿನ ಅಮೀರ ಅಬ್ದುರ್ ರಹಮಾನ್ ಆ ಪ್ರದೇಶ ಗೆದ್ದ ಮೇಲೆ ಕಾಫಿರಿಸ್ತಾನ ನೂರಿಸ್ತಾನ ಆಯಿತು, ಭಾಷೆಗಳ ಹೆಸರೂ ಬದಲಾಯಿತು. ಎರಡು ಹೆಸರು ಕಂಡರೆ ಎರಡು ಗುಂಪೆಂದು ಬರೆಯಬೇಡಿ. ‘ಕಲಾಷ’ ಎಂಬ ಹೆಸರಿನ ಬಗ್ಗೆಯೂ ಎಚ್ಚರ ಬೇಕು: ಪಾಕಿಸ್ತಾನದ ಚಿತ್ರಾಲ್‌ನ ಕಲಾಷ ದಾರ್ದಿಕ್ (ಕಾಶ್ಮೀರಿಯೂ ಸೇರಿದ) ಗುಂಪಿನ ಇಂಡೋ-ಆರ್ಯನ್ ಭಾಷೆ, ಅಫ್ಘಾನಿಸ್ತಾನದ ಕಲಾಷ-ಅಲಾ ನೂರಿಸ್ತಾನಿ.

ದಾರ್ದಿಕ್ ಎಂದಾಗ, ಬ್ರಿಟಿಷರ ಕಾಲದಲ್ಲಿ ಭಾರತದ ಭಾಷೆಗಳ ಸರ್ವೇಕ್ಷಣೆ ನಡೆಸಿದ ಗ್ರಿಯರ್ಸನ್ ನೆನಪಾಗುತ್ತಾರೆ. 1903ರಿಂದ 1928ರವರೆಗೆ ಸಂಪುಟ ಸಂಪುಟವಾಗಿ ಬಂದ ಅವರ ಭಾಷಾ ಸರ್ವೇಕ್ಷಣೆಯಲ್ಲಿ ಕಾಶ್ಮೀರಿ, ಶಿಣಾ, ಖೊವಾರ್, ನೂರಿಸ್ತಾನಿ ಎಲ್ಲವನ್ನೂ ಒಟ್ಟುಗೂಡಿಸಿ ‘ದಾರ್ದಿಕ್ ಅಥವಾ ಪಿಶಾಚ’ ಎಂಬ ಮೂರನೆಯ ಗುಂಪು ಮಾಡಿದ್ದರು. ನಾರ್ವೆಯ ಭಾಷಾಶಾಸ್ತ್ರಜ್ಞ ಮೊರ್ಗೆನ್‌ಸ್ಟೀರ್ನ ಆ ಕಣಿವೆಗಳಿಗೇ ಹೋಗಿ ಕೆಲಸ ಮಾಡಿದ ಮೇಲೆ ಗುಂಪು ಒಡೆಯಿತು: ಕಾಶ್ಮೀರಿ, ಶಿಣಾ, ಖೊವಾರ್‌ಗಳು ಇಂಡೋ-ಆರ್ಯನ್ನಿಗೆ ಸೇರಿದವು, ನೂರಿಸ್ತಾನಿ ಪ್ರತ್ಯೇಕವಾಗಿ ನಿಂತಿತು. ಕನ್ನಡದಲ್ಲಿ ಮಾತ್ರ ‘ಪೈಶಾಚಿ ವರ್ಗ’ ಇನ್ನೂ ಅಲ್ಲಲ್ಲಿ ಉಳಿದಿದೆ. ಗುಣಾಢ್ಯನ ಬೃಹತ್ಕಥೆ ಪೈಶಾಚಿಯಲ್ಲಿತ್ತೆಂಬ ಮಾತನ್ನು ದುರ್ಗಸಿಂಹನ ಪಂಚತಂತ್ರದ ಪಾಠದಲ್ಲಿ ಓದಿದ ವಿದ್ಯಾರ್ಥಿ, ಹಾಗಾದರೆ ಅದು ಕಾಶ್ಮೀರಿಯೇ ಇರಬೇಕೆಂದುಕೊಳ್ಳುತ್ತಾನೆ. ಪ್ರಾಕೃತ ವೈಯಾಕರಣರು ಹೇಳುವ ಪೈಶಾಚಿ ಒಂದು ಪ್ರಾಕೃತ. ಗ್ರಿಯರ್ಸನ್ನರ ವರ್ಗದ ಹೆಸರು ಬೇರೆ ವಿಷಯ.

‘ಇರಾನಿಯನ್’ ಪದದಲ್ಲೇ ಒಂದು ತೊಡಕಿದೆ, ಅದನ್ನು ಪಾಠದ ಮೊದಲಲ್ಲೇ ಬಿಡಿಸಿಬಿಡಿ. ಇದು ದೇಶದ ಹೆಸರಲ್ಲ, ಉಪಶಾಖೆಯ ಹೆಸರು. ಇರಾನ್ ದೇಶದೊಳಗೆ ಲಕ್ಷಾಂತರ ಜನ ಆಡುವ ಅಜರ್ಬೈಜಾನಿ ತುರ್ಕಿ ಕುಟುಂಬದ್ದು, ಖೂಜೆಸ್ತಾನದ ಅರಬ್ಬೀ ಸೆಮಿಟಿಕ್. ಅತ್ತ ಕಾಬೂಲಿನ ದರಿ, ದುಶಾನ್ಬೆಯ ತಾಜಿಕ್ ಇರಾನಿನ ಹೊರಗಿದ್ದೂ ಇರಾನಿಯನ್. ಹಾಗೆಯೇ ‘ಪಾರ್ಸಿ ಭಾಷೆ’ ಎಂದು ಬರೆಯುವವರು ಯಾವುದನ್ನು ಹೇಳುತ್ತಿದ್ದೇವೆಂದು ಒಮ್ಮೆ ನೋಡಿಕೊಳ್ಳಬೇಕು. ಮುಂಬಯಿಯ ಪಾರ್ಸಿ ಸಮುದಾಯದ ಮನೆಮಾತು ಗುಜರಾತಿ, ಅದು ಇಂಡೋ-ಆರ್ಯನ್. ಬಹಮನಿ, ಆದಿಲಶಾಹಿ ಆಸ್ಥಾನಗಳಲ್ಲಿ ಬಳಕೆಯಲ್ಲಿದ್ದ ಭಾಷೆಗೆ ಪಾರಸಿ ಅಥವಾ ಪರ್ಷಿಯನ್ ಎಂದು ಬರೆದರೆ ಗೊಂದಲವಿಲ್ಲ. ಅವೆಸ್ತದ ಭಾಷೆಗೆ ‘ಝೆಂದ್’ ಎಂಬ ಹೆಸರನ್ನಂತೂ ಇನ್ನಾದರೂ ಕೈಬಿಡಿ. ಜ಼ಂದ್ ಎಂದರೆ ಅವೆಸ್ತಕ್ಕೆ ಪಹ್ಲವಿಯಲ್ಲಿ ಬರೆದ ಟೀಕೆ. ವ್ಯಾಖ್ಯಾನದ ಹೆಸರನ್ನು ಮೂಲದ ಭಾಷೆಗೆ ಅಂಟಿಸಿದ್ದು ಯುರೋಪಿನ ಆರಂಭದ ಓದುಗರ ತಪ್ಪು.

ಉತ್ತರ ಸಿರಿಯಾದ ಪ್ರಾಚೀನ ರಾಜ್ಯ ಮಿತನ್ನಿಯ ಪದಗಳನ್ನು ಉಲ್ಲೇಖಿಸುವಾಗಲೂ ಮಧ್ಯದ ಹಂತ ಮುಖ್ಯ. ಇಂದಿನ ಟರ್ಕಿಯ ಬೋಗಜ್‌ಕೊಯ್‌ನಲ್ಲಿ ಸಿಕ್ಕ, ಮಿತನ್ನಿಯ ಕಿಕ್ಕುಲಿಯ ಹೆಸರಿನ ಕುದುರೆ ಪಳಗಿಸುವ ಕೈಪಿಡಿಯಲ್ಲಿ ಸುತ್ತುಗಳ ಲೆಕ್ಕ ಹೀಗಿದೆ: ಐಕ-ವರ್ತನ್ನ, ತೇರ-ವರ್ತನ್ನ, ಪಂಜ-ವರ್ತನ್ನ, ಸತ್ತ-ವರ್ತನ್ನ, ಅಂದರೆ ಒಂದು, ಮೂರು, ಐದು, ಏಳು ಸುತ್ತು. ‘ಸಂಸ್ಕೃತ ಸಿರಿಯಾದಲ್ಲಿತ್ತು’ ಎಂದು ಬರೆಯುವುದು ಅತಿ, ‘ಇಂಡೋ-ಇರಾನಿಯನ್ ಇತ್ತು’ ಎನ್ನುವುದು ಕಡಿಮೆ. ಒಂದಕ್ಕೆ ಇರಾನಿಯನ್ ಕಡೆಯ ಹಳೆಯ ಪದ ‘ಐವ’, ಭಾರತದ ಕಡೆಯದು ‘ಏಕ’. ಇಲ್ಲಿ ‘ಐಕ’ ಎಂದಿದೆ, ಏಳರಲ್ಲಿ ಸ ಇದೆ. ಆದ್ದರಿಂದ ಇಂಡೋ-ಆರ್ಯನ್. ಆದರೆ ‘ಐ’ ಇನ್ನೂ ‘ಏ’ ಆಗಿಲ್ಲ, ಹಾಗಾಗಿ ನಮಗೆ ಸಿಕ್ಕಿರುವ ಸಂಸ್ಕೃತವಲ್ಲ. ಒಂದು ಪದದೊಳಗೆ ಇಷ್ಟು ಕರಾರುವಾಕ್ಕಾದ ಮಾಹಿತಿ ಇರುವಾಗ ಉತ್ಪ್ರೇಕ್ಷೆಯ ಅಗತ್ಯವೇನು?

ನಿಘಂಟುಕಾರರಿಗೆ ಪ್ರತ್ಯೇಕವಾಗಿ ಹೇಳಬೇಕಾದದ್ದಿದೆ. ನಮ್ಮ ಕಚೇರಿ ಕನ್ನಡ ಪಾರಸಿಯಿಂದ ತುಂಬಿದೆ, ಆದರೆ ಪದದ ಮುಂದೆ ‘ಹಿಂ.’ ಎಂದೋ ‘ಉ.’ ಎಂದೋ ‘ಅರಬ್ಬೀ-ಪಾರಸೀ’ ಎಂದೋ ಬರೆದು ಸುಮ್ಮನಾಗುತ್ತೇವೆ. ಕೊನೆಯದು ಎಲ್ಲಕ್ಕಿಂತ ಕೆಟ್ಟದ್ದು, ಏಕೆಂದರೆ ಅರಬ್ಬೀ ಮತ್ತು ಪಾರಸಿ ಒಂದೇ ಕುಟುಂಬದವೇ ಅಲ್ಲ. ತಹಶೀಲ್ದಾರ ಎಂಬುದರಲ್ಲಿ ‘ತಹಸೀಲ್’ ಅರಬ್ಬೀ, ‘ದಾರ್’ ಪಾರಸಿ. ಆ ‘ದಾರ್’ಗೂ ಗಂಗಾಧರನ ‘ಧರ’ಕ್ಕೂ ಧಾತು ಒಂದೇ, ಇರಾನಿನ ಕಡೆ ಮಹಾಪ್ರಾಣ ಹೋಗಿದೆ ಅಷ್ಟೆ. ದಸ್ತಗಿರಿಯ ‘ದಸ್ತ್’ ಹಸ್ತ, ‘ಗೀರ್’ ಗ್ರಹಣ. ಪಾಣಿಗ್ರಹಣವೂ ದಸ್ತಗಿರಿಯೂ ಅಕ್ಷರಾರ್ಥದಲ್ಲಿ ಒಂದೇ ಕೆಲಸ; ಒಂದಕ್ಕೆ ಪುರೋಹಿತರು, ಇನ್ನೊಂದಕ್ಕೆ ಪೊಲೀಸರು.

ಬಂದೋಬಸ್ತು ಇನ್ನೂ ಚೆನ್ನ. ‘ಬಂದ್’ ನಮ್ಮ ಬಂಧದ ಸೋದರ. ನಡುವಿನ ‘ಓ’ ಎಂದರೆ ‘ಮತ್ತು’, ಹಳೆಯ ಪಾರಸಿಯಲ್ಲಿ ‘ಉತಾ’, ವೇದದಲ್ಲಿ ‘ಉತ’. ‘ಬಸ್ತ್’ ಎಂದರೆ ಕಟ್ಟಿದ್ದು, ಸಂಸ್ಕೃತದ ‘ಬದ್ಧ’. ಒಂದೇ ಬಂಧ್ ಧಾತುವಿಗೆ ‘ತ’ ಪ್ರತ್ಯಯ ಸೇರಿದಾಗ ಸಂಸ್ಕೃತದಲ್ಲಿ ದ್ಧ, ಇರಾನಿಯನ್‌ನಲ್ಲಿ ಸ್ತ. ಇದು ಒಂದೆರಡು ಪದದ ಚಾಳಿಯಲ್ಲ, ನಿಯಮ. ಚುನಾವಣೆ ಬಂದಾಗಲೆಲ್ಲ ಪತ್ರಿಕೆಯ ಮುಖಪುಟದಲ್ಲಿ ಕಾಣುವ ಈ ಒಂದು ಪದದಲ್ಲಿ ಇಡೀ ಶಾಖೆಯ ಪಾಠ ಮಾಡಬಹುದು.

ಸಾವಿರವನ್ನು ನೋಡಿ. ಸಂಸ್ಕೃತದ ‘ಸಹಸ್ರ’ದಿಂದ ಹಳಗನ್ನಡದ ‘ಸಾಸಿರ’, ಅಲ್ಲಿಂದ ‘ಸಾವಿರ’. ‘ಸಹಸ್ರ’ಕ್ಕೆ ಅವೆಸ್ತದ ಸೋದರ ಪದ ‘ಹಜ಼ಂಗ್ರ’, ಪಾರಸಿಯಲ್ಲಿ ‘ಹಜ಼ಾರ್’. ಮೊದಲ ಸ ಇದ್ದಲ್ಲಿ ಹ, ಎರಡನೆಯ ಹ ಇದ್ದಲ್ಲಿ ಜ಼: ಮೇಲೆ ಹೇಳಿದ ಎರಡು ನಿಯಮಗಳೂ ಒಂದೇ ಪದದಲ್ಲಿ ಸಿಗುತ್ತವೆ. ವಿಚಿತ್ರವೆಂದರೆ ಇಂಡೋ-ಆರ್ಯನ್ ಆದ ಹಿಂದಿ ಇಂದು ಪಾರಸಿಯಿಂದ ಸಾಲ ಪಡೆದ ‘ಹಜಾರ್’ ಬಳಸುತ್ತದೆ, ದ್ರಾವಿಡವಾದ ಕನ್ನಡ ಇಂಡೋ-ಆರ್ಯನ್ ರೂಪವನ್ನು ಕಾಪಾಡಿಕೊಂಡಿದೆ.

ಹಾಗಾಗಿ ನಿಘಂಟಿನಲ್ಲಿ ಪ್ರತಿ ಎರವಲು ಪದಕ್ಕೂ ಎರಡು ಗುರುತು ಕೊಡಿ: ಕನ್ನಡಕ್ಕೆ ಯಾವ ಬಾಗಿಲಿಂದ ಬಂತು, ಮೂಲ ಯಾವುದು. ಬಾಗಿಲು ಮರಾಠಿಯೋ ದಖನಿಯೋ ಆಗಿರಬಹುದು, ಮೂಲ ಪಾರಸಿಯೋ ಅರಬ್ಬಿಯೋ. ಸಂಸ್ಕೃತದ ಸೋದರ ಪದವನ್ನು ಕೊಡುವುದಾದರೆ ‘ಹೋಲಿಸಿ’ ಎಂದು ಕೊಡಿ, ‘ಇಂದ’ ಎಂದಲ್ಲ. ‘ದಸ್ತು < ಸಂ. ಹಸ್ತ’ ಎಂದು ಬಾಣ ಹಾಕಿದ ಕ್ಷಣ ತಂಗಿ ಮಗಳಾಗುತ್ತಾಳೆ.

ಕರ್ನಾಟಕದ ಭಾಷೆಗಳ ಪಟ್ಟಿಯಲ್ಲೂ ಈ ಶಾಖೆಯ ಹೆಸರು ಕ್ರಮವಾಗಿ ಬರಬೇಕು. ಕೊಂಕಣಿ, ಮರಾಠಿ, ದಖನಿ ಉರ್ದು, ಭಟ್ಕಳದ ನವಾಯತಿ, ಹಕ್ಕಿಪಿಕ್ಕಿಯವರ ವಾಗ್ರಿ, ಲಂಬಾಣಿ ಎಲ್ಲವೂ ಇಂಡೋ-ಆರ್ಯನ್, ಅಂದರೆ ಇಂಡೋ-ಇರಾನಿಯನ್. ಲಂಬಾಣಿಯನ್ನು ‘ಲಿಪಿಯಿಲ್ಲದ ಬುಡಕಟ್ಟು ಭಾಷೆ’ ಎಂದಷ್ಟೇ ಬರೆದು ಮುಗಿಸುವುದು ಅನ್ಯಾಯ. ರಾಜಸ್ಥಾನಿಗೆ ಹತ್ತಿರದ ಭಾಷೆ ಅದು. 2011ರ ಜನಗಣತಿಯಲ್ಲಿ ಅದನ್ನು ಹಿಂದಿಯ ಕೆಳಗೆ ಸೇರಿಸಿದ್ದಾರೆ. ಅದು ಎಣಿಕೆಯ ಗುಂಪು, ವಂಶವಲ್ಲ. ಅದೇ ಜನಗಣತಿಯ 121 ಭಾಷೆಗಳಲ್ಲಿ 21 ಇಂಡೋ-ಆರ್ಯನ್, 1 ಇರಾನಿಯನ್, 17 ದ್ರಾವಿಡ, 14 ಆಸ್ಟ್ರೋ-ಏಷ್ಯಾಟಿಕ್, 66 ಟಿಬೆಟೊ-ಬರ್ಮನ್. ಇಂಗ್ಲಿಷ್ ಮತ್ತು ಅರಬ್ಬೀ ಒಂದೊಂದು. ‘ಇಂಡೋ’ ಎಂದರೆ ‘ಭಾರತೀಯ’ ಎಂದು ಅನುವಾದಿಸಿ ‘ಭಾರತೀಯ ಭಾಷೆಗಳು’ ಎಂದು ಬರೆದರೆ ಏನಾಗುತ್ತದೆಂಬುದು ಈ ಲೆಕ್ಕದಲ್ಲೇ ಕಾಣುತ್ತದೆ.

ಕೊನೆಗೆ ಮುದ್ರಣದ ಎರಡು ಮಾತು. ಅವೆಸ್ತ, ಪಾರಸಿ ಪದಗಳಲ್ಲಿ ಜ ಮತ್ತು ಜ಼ ಬೇರೆ ಬೇರೆ ಧ್ವನಿ. ಅವನ್ನು ಒಂದೇ ಅಕ್ಷರದಲ್ಲಿ ಬರೆದರೆ ಮೇಲಿನ ಯಾವ ನಿಯಮವನ್ನೂ ವಿದ್ಯಾರ್ಥಿಗೆ ತೋರಿಸಲಾಗದು. ಕನ್ನಡ ಯೂನಿಕೋಡ್‌ನಲ್ಲಿ ನುಕ್ತ ಇದೆ, ಬಳಸಿ. ಕೀಲಿ ಒತ್ತುವ ಕ್ರಮ ಮುಖ್ಯ: ಮೊದಲು ವ್ಯಂಜನ, ಕೂಡಲೇ ನುಕ್ತ, ಆಮೇಲೆ ಕಾಗುಣಿತದ ಚಿಹ್ನೆ ಅಥವಾ ವಿರಾಮ. ಸ್ವರಚಿಹ್ನೆಯ ನಂತರ ನುಕ್ತ ಒತ್ತಿದರೆ ಕೆಲವು ಫಾಂಟ್‌ಗಳಲ್ಲಿ ಚುಕ್ಕೆ ಬೇರೆಡೆ ಬೀಳುತ್ತದೆ, ಕಾಣಲು ಸರಿಯಾಗಿದ್ದರೂ ಹುಡುಕಾಟದಲ್ಲಿ ಪದ ಸಿಗುವುದಿಲ್ಲ. ಪದಸೂಚಿ ಮಾಡುವವರು ನುಕ್ತ ಇರುವ ಮತ್ತು ಇಲ್ಲದ ಎರಡೂ ರೂಪಗಳಿಗೆ ದಾರಿ ಕೊಡಲಿ. ಎರಡನೆಯದು ನಕ್ಷತ್ರ ಚಿಹ್ನೆ. *ಮಜ಼್ಧಾ ಎಂಬಲ್ಲಿನ ನಕ್ಷತ್ರದ ಅರ್ಥ, ಈ ರೂಪ ಯಾವ ಬರಹದಲ್ಲೂ ಸಿಕ್ಕಿಲ್ಲ, ಹೋಲಿಕೆಯಿಂದ ಕಟ್ಟಿದ್ದು ಎಂದು. ಕರಡು ತಿದ್ದುವವರು ಅದನ್ನು ಅಡಿಟಿಪ್ಪಣಿಯ ಗುರುತೆಂದು ಭಾವಿಸಿ, ಕೆಳಗೆ ಟಿಪ್ಪಣಿ ಕಾಣದೆ, ಅಳಿಸಿಬಿಡುತ್ತಾರೆ. ಅಳಿಸಿದ ಕೂಡಲೇ ಊಹಿಸಿದ ರೂಪ ಶಾಸನದಲ್ಲಿ ಸಿಕ್ಕ ರೂಪವಾಗಿಬಿಡುತ್ತದೆ. ಕರಡಿನ ಜೊತೆ ಒಂದು ಸಾಲಿನ ಸೂಚನೆ ಕಳಿಸಿ: ನಕ್ಷತ್ರ ಮುಟ್ಟಬೇಡಿ.

ಎಲ್ಲವನ್ನೂ ಒಟ್ಟಿಗೆ ಮಾಡಲು ಬಿಡುವಿಲ್ಲದಿದ್ದರೆ ಮೊದಲು ಚಿತ್ರ ತಿದ್ದಿ. ಇಂಡೋ-ಯುರೋಪಿಯನ್‌ನ ಕೆಳಗೆ ಇಂಡೋ-ಇರಾನಿಯನ್ ಎಂಬ ಒಂದು ಗೆರೆ, ಅದರ ಕೆಳಗೆ ಮೂರು ಕವಲು, ಸಂಸ್ಕೃತ ಮೊದಲ ಕವಲಿನಲ್ಲಿ, ಅವೆಸ್ತ ಎರಡನೆಯದರಲ್ಲಿ, ಎರಡೂ ಒಂದೇ ಎತ್ತರದಲ್ಲಿ. ಆಮೇಲೆ ‘ಆರ್ಯ ಭಾಷೆ’ ಎಂದಿರುವ ಕಡೆಯೆಲ್ಲ ಮೇಲಿನ ಮೂರರಲ್ಲಿ ಯಾವುದೆಂದು ನೋಡಿ ಬದಲಿಸಿ. ನಿಘಂಟಿನ ಗುರುತುಗಳು ನಿಧಾನಕ್ಕೆ ಆಗಲಿ, ಅದು ದೊಡ್ಡ ಕೆಲಸವೆಂದು ನಮಗೂ ಗೊತ್ತು.

ಇತಿ,
ಭಾಷಾಶಾಸ್ತ್ರ ಕಲಿಸುವ, ನಿಘಂಟಿನ ಕೆಲಸ ಮಾಡುವ ಕೆಲವರು